ತೊಳೆದ ಇದ್ದಲು, ಜಗದೇವಿಯ ಮೂಗು

ಆಳಂದದ ಅಣ್ಣಂದಿರೇ, ಅಫಜಲಪುರದ ಅಕ್ಕಂದಿರೇ, ಜೇವರ್ಗಿಯ ಜಾಣರೇ! ಮೊಬೈಲ್ ಹಿಡಿದು ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಪರದೆ ಏಳುತ್ತಿದೆ... ಹೊಗೆಯೂ ಏಳುತ್ತಿದೆ!

ಇವತ್ತು ಸಂಜೆ ಮಟಕಿ ಊರಿನ ನಮ್ಮ ಮನೆಯಂಗಳದಲ್ಲಿ ನಾನು ಬಾರ್ಬೆಕ್ಯೂ ಮಾಡಿದೆ. ಕೋಳಿಯಲ್ಲ, ಕುರಿಯಲ್ಲ. ಬದನೆಕಾಯಿ!

ಕಾರಣ ನನ್ನ ಹೆಂಡತಿ ಜಗದೇವಿ. ದೀಪಾವಳಿಗೆ ಮುಂಚೆ ಅವಳಿಗೆ ಜ್ವರ ಬಂತು. ಹೋಗುವಾಗ ವಾಸನೆ ಹಿಡಿಯುವ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಡಾಕ್ಟರು "ಬರಬಹುದು, ಕಾಯಿರಿ" ಎಂದಿದ್ದಾರೆ.

ಹೋದ ವಾರ ಒಲೆಯ ಪಕ್ಕದಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದಳು. ಹಾಲು ತಳ ಹಿಡಿದು ಕರಿಯಾದರೂ ಅವಳಿಗೆ ತಿಳಿಯಲಿಲ್ಲ. ಆಮೇಲೆ ಪಾತ್ರೆ ತಿಕ್ಕುತ್ತಾ ಅತ್ತಳು.

ಓಣಿಗೆಲ್ಲ ಅಡುಗೆ ಹೇಳಿಕೊಡುತ್ತಿದ್ದವಳು ಈಗ ಪಲ್ಯ ಇಳಿಸುವ ಮೊದಲು ನನ್ನನ್ನು ಕರೆಯುತ್ತಾಳೆ... "ನೋಡ್ರಿ, ಸೀದದೇನು?"

ನನಗೊಂದು ಕುತೂಹಲ ಹುಟ್ಟಿತು. ಕೆಂಡದಲ್ಲಿ ಸುಟ್ಟ ಬದನೆಕಾಯಿ ಎಂದರೆ ಅವಳಿಗೆ ಜೀವ. ಆ ಘಮಕ್ಕೆ ಮೂಗು ಎಚ್ಚರಾದೀತೇ?

ಜೇವರ್ಗಿಯಿಂದ ಅವಳ ತಮ್ಮ ತಂದುಕೊಟ್ಟ ಬಾರ್ಬೆಕ್ಯೂ ಒಲೆ ಅಟ್ಟದ ಮೇಲಿತ್ತು. ಇಳಿಸಿದೆ. ನಿನ್ನೆ ಇದ್ದಲು ಹುಡುಕಿಕೊಂಡು ಆಳಂದದ ಕಟ್ಟಿಗೆ ಅಡ್ಡೆಗೆ ಹೋದೆ.

ಜಾಲಿಯ ಇದ್ದಲು ಭಾರ, ಬಹಳ ಹೊತ್ತು ನಿಲ್ಲುತ್ತದೆ. ತೊಗರಿ ಕಟ್ಟಿಗೆಯದು ಹಗುರ, ನೋಡನೋಡುತ್ತಲೇ ಬೂದಿ. ಚೆನ್ನಾಗಿ ಸುಟ್ಟ ತುಂಡುಗಳನ್ನು ಒಂದಕ್ಕೊಂದು ಬಡಿದರೆ ಖಣ್ ಎನ್ನಬೇಕು. ಒಳಗೆ ಹಸಿ ಕಟ್ಟಿಗೆ ಉಳಿದಿದ್ದರೆ ದಬ್ ಎನ್ನುತ್ತದೆ, ಹೊಗೆ ಕಾರುತ್ತದೆ.

ನಾಟಕದಲ್ಲಿ ಪಳಗಿದ ಕಿವಿ ನನ್ನದು! ಚೀಲದ ಮುಂದೆ ಕೂತು ಒಂದೊಂದೇ ತುಂಡು ಬಡಿದು ಕೇಳುತ್ತಿದ್ದರೆ, ಅಡ್ಡೆಯ ಮೌಲಾಲಿ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಕಾಕಾ, ಇದ್ದಲಿ ಒಯ್ಯಾಕ ಬಂದೀರೋ, ತಬಲಾ ಒಯ್ಯಾಕ ಬಂದೀರೋ? ಜಲ್ದಿ ಮುಗಸ್ರಿ, ಕಬಾಬ್ ಗಾಡಿಯವ್ರು ಕಾಯಾಕತ್ತಾರ."

ಈ ಮಾತನ್ನು ಮನೆಗೆ ಬಂದು ನಗುತ್ತಾ ಹೇಳಿದ್ದೇ ತಪ್ಪಾಯಿತು. ಲಿಂಗಪೂಜೆಯಾಗದೆ ನೀರೂ ಮುಟ್ಟದ ಅವ್ವ ಚೀಲಕ್ಕೆ ಅಡ್ಡ ನಿಂತಳು.

"ಕಬಾಬಿನವ್ರು ಒಯ್ಯೋ ಇದ್ದಲಿ ಏನಲೇ ಇದು? ತೊಳದ ಹೊರತು ನನ್ನ ಅಂಗಳದಾಗ ಹಚ್ಚಬ್ಯಾಡ."

"ಅವ್ವಾ, ಇದ್ದಲಿ ಯಾರರ ತೊಳೀತಾರೇನು?"

"ಅಕ್ಕಿ ತೊಳೀತೀವಿ, ಬ್ಯಾಳಿ ತೊಳೀತೀವಿ. ಇದಕ್ಕೇನು ಕೋಡು ಮೂಡ್ಯಾವೇನು?"

ತೊಳೆದೆ! ಬಕೆಟ್‌ಗಟ್ಟಲೆ ನೀರು ಮಸಿಯಾಯಿತು, ಇದ್ದಲು ಮಾತ್ರ ಬೆಳ್ಳಗಾಗಲಿಲ್ಲ. ಮಾಳಿಗೆಯ ಮೇಲೆ ಒಣಹಾಕಿದೆ. ಇವತ್ತು ಸಂಜೆ ಮುಟ್ಟಿ ನೋಡಿದರೆ ಹೊರಗೆಲ್ಲ ಒಣಗಿದೆ. ಒಳಗೆ ನೀರು ಕುಡಿದು ಕೂತಿದೆ ಎಂದು ಯಾರಿಗೆ ಗೊತ್ತು...

ಹೊತ್ತಿಸಿದೆ. ಹೊತ್ತಲಿಲ್ಲ. ಊದಿದೆ, ಬೀಸಿದೆ. ಚಟ್! ಪಟ್! ಸಿಡಿದ ಕಿಡಿಯೊಂದು ನನ್ನ ಧೋತರಕ್ಕೇ ಹಾರಿತು. ಅವ್ವ ಕಟ್ಟೆಯ ಮೇಲೆ ಕೂತು, "ಯುದ್ಧದ ಸೀನು ಚಲೋ ನಡದದ" ಎನ್ನುತ್ತಾಳೆ.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ದಯವಿಟ್ಟು ನೀವು ಮಾಡಬೇಡಿ. ಟ್ರ್ಯಾಕ್ಟರಿಗೆಂದು ಇಟ್ಟಿದ್ದ ಡಬ್ಬಿಯಿಂದ ಡೀಸೆಲ್ ತಂದು ಸುರಿದೆ.

ಭಗ್ಗೆಂದಿತು! ಹಿಂದೆಯೇ ಕಪ್ಪು ಹೊಗೆ, ಕೆಟ್ಟ ನಾತ. ಪಕ್ಕದಲ್ಲೇ ಇಟ್ಟಿದ್ದ ಬದನೆಕಾಯಿ ಹಾಳು, ನನ್ನ ಆಸೆಯೂ ಹಾಳು.

ಅಷ್ಟರಲ್ಲಿ ಒಳಗೆ ಅಡುಗೆಮನೆಯಲ್ಲಿದ್ದ ಜಗದೇವಿ ಚೀರಿದಳು.

"ಏನ್ರಿ ಅದು! ಡೀಸೆಲ್ ಸುರದೀರೇನು? ಮನಿ ತುಂಬ ನಾತ ಹೊಡ್ಯಾಕತ್ತದ!"

ನಾನು ನಿಂತಲ್ಲೇ ನಿಂತೆ. ಅವ್ವ ಕಟ್ಟೆಯಿಂದ ಎದ್ದಳು.

"ಜಗದೇವಿ... ನಿನಗ ಹೆಂಗ ಗೊತ್ತಾಯ್ತು ಬೇ?"

ಬಾಗಿಲಿಗೆ ಬಂದ ಜಗದೇವಿ ಮೂಗಿಗೆ ಸೆರಗು ಹಿಡಿದಿದ್ದಳು. ಕೇಳಿದ್ದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಸೆರಗು ನಿಧಾನವಾಗಿ ಇಳಿಯಿತು.

ಮತ್ತೆ ಉಸಿರೆಳೆದಳು... ಆ ಕೆಟ್ಟ ಹೊಗೆಯನ್ನೇ, ಕಣ್ಣು ಮುಚ್ಚಿ, ಮಲ್ಲಿಗೆಯೇನೋ ಎಂಬಂತೆ.

ಆಮೇಲೆ ಮನೆಯೆಲ್ಲ ಓಡಾಡಿದ್ದೇ ಓಡಾಡಿದ್ದು! ಕೊತ್ತಂಬರಿ ಮೂಸಿದಳು, ಇಲ್ಲ. ಬೆಳ್ಳುಳ್ಳಿ ಜಜ್ಜಿ ಮೂಸಿದಳು, ಇಲ್ಲ. ಡೀಸೆಲ್ ಒಂದೇ.

ಮುಖ ಸಣ್ಣದಾಯಿತು. "ನಾತ ಅಷ್ಟೇ ಬರ್ತದೇನ್ರಿ ನನಗ? ಘಮ ಬರೂದಿಲ್ಲೇನು?"

ಇಷ್ಟು ವರ್ಷ ರಂಗದ ಮೇಲೆ ಗುಡುಗಿದ ನಾನು ಮೆಲ್ಲಗೆ ಡೀಸೆಲ್ ಡಬ್ಬಿಯ ಮುಚ್ಚಳ ಹಾಕಿದೆ.

ಅವ್ವನೇ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಬಾಗಲಾ ತೆರದದ ಬೇ. ಮೊದಲು ಬೆಕ್ಕು ಬಂದದ. ಹಿಂದ ಮಂದಿ ಬರ್ತಾರ." ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಲೇ, ಈ ಸಲ ಇದ್ದಲಿ ತೊಳೀಬ್ಯಾಡ."

ಘಮ ಬರುತ್ತದೆಯೋ, ಇಲ್ಲವೋ? ನನಗೂ ಗೊತ್ತಿಲ್ಲ, ಮಹಾಜನರೇ!

ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಆಳಂದಕ್ಕೆ ಹೋಗಿ ಒಣ ಜಾಲಿ ಇದ್ದಲು ತರುತ್ತೇನೆ. ಕೆಂಡದ ಮೇಲೆ ಬಿಳಿ ಬೂದಿ ಕೂರುವವರೆಗೂ ಕಾದು, ಬದನೆಕಾಯಿ ಇಟ್ಟು, ಹೊಗೆ ತೇಲಿಹೋಗುವ ಕಡೆಗೆ ಜಗದೇವಿಯನ್ನು ಕೂರಿಸುತ್ತೇನೆ.