ತೂತು ಮುಚ್ಚಿಕೊಳ್ಳುವ ಕಣ್ಣು

ನಮ್ಮ ಚಿಕ್ಕಮ್ಮನದು ರಫೂ ಕೆಲಸ. ಕೋಟು, ಶಾಲು, ಉಣ್ಣೆಯ ಅಂಗಿ, ಏನೇ ಹರಿದಿರಲಿ, ಹರಿದದ್ದೇ ಗೊತ್ತಾಗದಂತೆ ಎಳೆಗೆ ಎಳೆ ಹೆಣೆದು ಕೊಡುತ್ತಿದ್ದಳು. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡುವವಳು ನಾನು, ಅಂದರೆ ಬೈಸಿಕೊಳ್ಳುವವಳು. ಹೊರಗಿನ ದಾರವನ್ನು ಚಿಕ್ಕಮ್ಮ ಮುಟ್ಟುತ್ತಿರಲಿಲ್ಲ. ಅದೇ ಬಟ್ಟೆಯ ಒಳಹೊಲಿಗೆ ಬಿಚ್ಚಿ, ಮಡಿಸಿದ ಅಂಚಿನಿಂದ ಎಳೆ ಕಿತ್ತು, ಅದರಿಂದಲೇ ತೂತು ಮುಚ್ಚುತ್ತಿದ್ದಳು. ಕೆಲಸಕ್ಕೆ ಕೂತರೆ ನೋಟ ಸೂಜಿಯ ಮೊನೆ ಬಿಟ್ಟು ಕದಲುವಂತಿಲ್ಲ. ಕತ್ತು ತಿರುಗಿಸುವ ಬದಲು ಬಟ್ಟೆಯನ್ನೇ ತಿರುಗಿಸಬೇಕು. ಅವಳಿಗೆ ಕಲಿಸಿದವರು ಹಾಗೆ ಕಲಿಸಿದ್ದರು. ನಾವು ಮೋಸ ಹೋದದ್ದೂ ಅಲ್ಲೇ. ಪಕ್ಕಕ್ಕೆ ನೋಡುವ ಅಭ್ಯಾಸವೇ ಇಲ್ಲದವಳಿಗೆ ಪಕ್ಕದ ನೋಟ ಹೋದದ್ದು ಹೇಗೆ ತಿಳಿಯಬೇಕು?

ಮೊದಮೊದಲು ನಗೆಯಾಡಿದೆವು. ಎಡಗಡೆ ಇಟ್ಟ ಚಹಾ ಹಾಗೇ ತಣ್ಣಗಾಗುತ್ತಿತ್ತು. ಎಡಪಕ್ಕದ ಕುರ್ಚಿಯಲ್ಲಿ ಗುಂಡಿ ಹೊಲಿಯುತ್ತಾ ಕೂತಿರುತ್ತಿದ್ದ ಚಿಕ್ಕಪ್ಪನನ್ನು "ಎಲ್ಲಿ ಹಾಳಾಗಿ ಹೋದ್ರಿ?" ಎಂದು ಕೂಗುತ್ತಿದ್ದಳು.

"ನಿನ್ನ ಪಕ್ಕದಲ್ಲೇ ಹಾಳಾಗ್ತಾ ಇದೀನಿ ಕಣೆ" ಎನ್ನುತ್ತಿದ್ದರು ಅವರು.

ಆಮೇಲೆ ಒಂದು ಕೋಟು ವಾಪಸು ಬಂತು. ಜೇಬಿನ ಹರಕು ಮಾಯವಾಗಿತ್ತು, ಆದರೆ ಅದರ ಎಡಕ್ಕೇ ಹುಳು ತಿಂದ ತೂತು ಬಾಯಿ ತೆರೆದುಕೊಂಡಿತ್ತು. ಗಿರಾಕಿಯಿಂದ ಬೈಸಿಕೊಂಡ ಸಿಟ್ಟನ್ನು ನಾನು ಚಿಕ್ಕಮ್ಮನ ಮೇಲೆ ತೀರಿಸಿಕೊಂಡೆ. "ಕಣ್ಣು ಎಲ್ಲಿಟ್ಕೊಂಡು ಹೊಲಿದೆ ಚಿಕ್ಕಮ್ಮಾ?"

ಅವಳು ಕಿಟಕಿಯ ಬಿಸಿಲಿಗೆ ಕೋಟು ಹಿಡಿದು, ಮೊದಲಿನಂತೆ ಜೇಬಿನ ಮೇಲೆ ಸೂಜಿ ಊರಿದಳು. ಎಡಗೈ ಬೆರಳು ಬಟ್ಟೆಯನ್ನು ತಡವುತ್ತಾ ಹೋಗಿ ತೂತಿನೊಳಗೆ ಇಳಿಯಿತು. ಚಿಕ್ಕಮ್ಮನ ಸೂಜಿ ನಿಂತಿತು.

"ಬೆರಳು ಒಳಗೆ ಹೋಗಿದೆ ಕಣೇ. ಆದ್ರೆ ಬಟ್ಟೆ ಇಡಿಯಾಗಿದೆ. ನನ್ನ ಬೆರಳೇ ಕಾಣ್ತಿಲ್ಲ."

ಅವಳು ನೋಟ ಎಡಕ್ಕೆ ಸರಿಸಿದಳು. "ಈಗ ತೂತಿದೆ." ಮತ್ತೆ ಸೂಜಿ ನೋಡಿದಳು. "ಮುಚ್ಕೊಂಡ್ತು." ದನಿ ತಗ್ಗಿಸಿ ಹೇಳಿದಳು: "ಯಾರೋ ನನ್ನ ಕಣ್ಣೊಳಗೆ ಕೂತು ರಫೂ ಮಾಡ್ತಾ ಇದಾರೆ."

ಮರುದಿನವೇ ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆವು.

ಅಲ್ಲಿ ಕತ್ತಲೆ ಕೋಣೆಯಲ್ಲಿ ದೊಡ್ಡ ಬಟ್ಟಲಿನಂಥ ಯಂತ್ರವಿತ್ತು. ಅದರೊಳಗೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಚುಕ್ಕಿಗಳು ಹೊತ್ತಿ ಆರುವುದು ಹೊರಗಿನ ಪರದೆಯಲ್ಲಿ ನನಗೆ ಕಾಣುತ್ತಿತ್ತು. ಒಂದರ ಹಿಂದೊಂದು ಬೆಳಗುತ್ತಲೇ ಇದ್ದವು, ಚಿಕ್ಕಮ್ಮನ ಹೆಬ್ಬೆರಳು ಅಲ್ಲಾಡಲಿಲ್ಲ. ಒತ್ತೇ, ಒತ್ತೇ ಎಂದು ಕಿರುಚಬೇಕೆನಿಸಿತು. ಅವಳು ಖುಷಿಯಾಗಿ ಎದ್ದು ಬಂದಳು.

"ಸುಲಭ ಇತ್ತು ಕಣೆ. ಚುಕ್ಕಿಗಳೇ ಕಮ್ಮಿ."

ಡಾಕ್ಟರಮ್ಮ ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ, ಮಿದುಳಿಗೆ ನೋಟ ಒಯ್ಯುವ ನರದ ಜೀವಕೋಶಗಳು ಸಾಯುತ್ತಿದ್ದವು. ನೋಟ ಹೋದ ಜಾಗವನ್ನು ಮಿದುಳು ಅಕ್ಕಪಕ್ಕದ ಚಿತ್ರದಿಂದ ತುಂಬಿಬಿಡುತ್ತದಂತೆ.

"ಅವು ಯಾಕೆ ಸಾಯ್ತಾವೆ?" ಚಿಕ್ಕಪ್ಪ ಕೇಳಿದರು.

"ಪ್ರತಿ ಜೀವಕೋಶಾನೂ ತನ್ನೊಳಗೆ ಸವೆದದ್ದನ್ನ ತಾನೇ ಒಡೆದು, ಅದರಿಂದಲೇ ಹೊಸದು ಕಟ್ಟಿಕೊಳ್ಳುತ್ತೆ. ಒತ್ತಡ ಬಿದ್ದಾಗ ಆ ಕೆಲಸ ಏರುಪೇರಾಗುತ್ತೆ. ಕಮ್ಮಿಯಾದ್ರೆ ಒಳಗೆ ಕಸ ತುಂಬುತ್ತೆ. ಅತಿಯಾದ್ರೆ ತನ್ನನ್ನೇ ತಿಂದುಕೊಳ್ಳಬಹುದು. ಅದು ಯಾವಾಗ ಕಾಪಾಡುತ್ತೆ, ಯಾವಾಗ ಕೊಲ್ಲುತ್ತೆ ಅನ್ನೋದು ನಮಗೂ ಇನ್ನೂ ಪೂರ್ತಿ ಗೊತ್ತಾಗಿಲ್ಲ."

"ಅಂಚಿಂದ ಎಳೆ ಜಾಸ್ತಿ ಕಿತ್ರೆ ಅಂಗಿನೇ ಬಿಚ್ಕೊಳ್ಳುತ್ತೆ" ಎಂದಳು ಚಿಕ್ಕಮ್ಮ, ಬೇರೆ ಯಾರದೋ ಅಂಗಿಯ ವಿಷಯ ಎಂಬಂತೆ.

"ಹೋದ ನೋಟ ಬರಲ್ಲಮ್ಮ. ದಿನಾ ಈ ಹನಿ ಹಾಕಿದ್ರೆ ಒತ್ತಡ ಇಳಿಯುತ್ತೆ, ಇರೋದನ್ನ ಉಳಿಸಿಕೊಳ್ಳೋಕೆ ನೋಡಬಹುದು. ಬಿಟ್ರೆ ನಡುವಿನ ನೋಟಾನೂ ಹೋಗುತ್ತೆ."

ಪರೀಕ್ಷೆಯ ಚಿತ್ರದಲ್ಲಿ ಎಡಭಾಗವೆಲ್ಲ ಕಪ್ಪಾಗಿತ್ತು. ಚಿಕ್ಕಮ್ಮ ಅದನ್ನು ಪಕ್ಕಕ್ಕೆ ತಳ್ಳಿದಳು. "ನನಗೆಲ್ಲೂ ಕಪ್ಪು ಕಾಣ್ತಿಲ್ಲ. ಕೋಟಿನದ್ದು ಬರೀ ಆಯಾಸ. ಚೆನ್ನಾಗಿರೋ ಕಣ್ಣಿಗೆ ಔಷಧಿ ಹುಯ್ದು ಕೆಡಿಸಿಕೊಳ್ಳಲಾ?" ಎಷ್ಟು ಗೋಗರೆದರೂ ಜಪ್ಪಯ್ಯ ಅನ್ನಲಿಲ್ಲ. ಅವಳ ಹಟ ನೋಡಿ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಚಿಕ್ಕಪ್ಪ ಹನಿಯ ಬಾಟಲಿಯನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡರು.

ಹೊರಗೆ ಬಂದೆವು. ಬಲಕ್ಕೆ ನಾನು, ಎಡಕ್ಕೆ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಚಿಕ್ಕಪ್ಪ. ಅಂಗಡಿಗಳೆಲ್ಲ ಮುಚ್ಚಿದ ಬೀದಿ. ಚಿಕ್ಕಮ್ಮ ಮುಂದೆ ನೋಡುತ್ತಾ ನಡೆಯುತ್ತಿದ್ದವಳು ಕೇಳಿದಳು: "ಇವರೆಲ್ಲೇ? ಸಿಟ್ಟು ಮಾಡ್ಕೊಂಡು ಹೊರಟೇಹೋದ್ರಾ? ಆ ಕಡೆ ಬರೀ ಗೋಡೆ ಇದೆಯಲ್ಲ."

ಚಿಕ್ಕಪ್ಪ ಎಂದಿನಂತೆ ಏನೋ ತಮಾಷೆ ಹೇಳಲು ಬಾಯಿ ತೆರೆದರು. ಮಾತಿನ ಬದಲು ಬಿಕ್ಕು ಬಂತು.

ಚಿಕ್ಕಮ್ಮ ನಿಂತುಬಿಟ್ಟಳು. ಕತ್ತು ತಿರುಗಿಸಲಿಲ್ಲ. ಎಡಗೈ ಚಾಚಿದಳು, ಅವಳ ಪಾಲಿಗೆ ಯಾರೂ ಇಲ್ಲದ ಕಡೆಗೆ. ಕೈ ಹೋಗಿ ಒದ್ದೆ ಕೆನ್ನೆಯ ಮೇಲೆ ಕೂತಿತು. ಕೆನ್ನೆ, ಮೂಗು, ಹಣೆ ಎಂದು ಬೆರಳು ಒಂದೊಂದನ್ನೇ ಹುಡುಕಿತು.

ಅಲ್ಲೇ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು, ಚಿಕ್ಕಪ್ಪನನ್ನು ಎದುರಿಗೆ ಎಳೆದು ನಿಲ್ಲಿಸಿಕೊಂಡು, ಮುಖ ಮೇಲೆತ್ತಿದಳು.

"ಹಾಕಿ" ಎಂದಳು. "ಬೇಗ ಹಾಕಿ. ಎದುರಿಗೆ ನಿಂತ್ರೆ ಇನ್ನೂ ಕಾಣ್ತೀರಿ."