ಮೊಬೈಲಿಲ್ಲದ ತುತ್ತು

ಮಗಳಿಗೆ ಎರಡೂವರೆ ವರ್ಷವಾಗಿದ್ದಾಗ ಮಧ್ಯಾಹ್ನ ಊಟ ಮಾಡಿಸುವ ಕೆಲಸ ನನ್ನದು. ಹೆಂಡತಿ ಬೆಳಗ್ಗೆಯೇ ಯಳಂದೂರಿನ ಕೆಲಸಕ್ಕೆ ಹೊರಟುಬಿಡುತ್ತಿದ್ದಳು. ನನಗೆ ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಮಧ್ಯಾಹ್ನ ಎರಡಕ್ಕೆ ಪಾಳಿ ಶುರು. ಹನ್ನೆರಡೂವರೆಗೆ ಅನ್ನ ಕಲಸಿ ಕೂತರೆ ಒಂದೂವರೆಯಾದರೂ ಅರ್ಧ ಬಟ್ಟಲು ಖಾಲಿಯಾಗುತ್ತಿರಲಿಲ್ಲ. ಹೊರಗೆ ಕಬ್ಬಿನ ಟ್ರಾಕ್ಟರುಗಳ ಸದ್ದು, ನನ್ನ ಕಣ್ಣು ಗಡಿಯಾರದ ಮೇಲೆ. ಒಂದು ದಿನ ಮೊಬೈಲಿನಲ್ಲಿ ಕುಣಿಯುವ ಮೊಲದ ವಿಡಿಯೊ ಹಾಕಿ ಚೊಂಬಿಗೆ ಒರಗಿಸಿಟ್ಟೆ. ಹತ್ತೇ ನಿಮಿಷಕ್ಕೆ ಬಟ್ಟಲು ಖಾಲಿ. ಗೆದ್ದೆ ಅಂದುಕೊಂಡೆ.

ಆರು ತಿಂಗಳು ಹಾಗೇ ನಡೆಯಿತು. ಕೈ ಹತ್ತಿರ ಬಂದರೆ ಅವಳ ಬಾಯಿ ತಾನೇ ತೆರೆಯುತ್ತಿತ್ತು. ಕಣ್ಣು ಮಾತ್ರ ನನ್ನ ಕಡೆ ತಿರುಗುತ್ತಿರಲಿಲ್ಲ.

ಜ್ವರ ಬಂದಾಗ ಕೊಳ್ಳೇಗಾಲದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಸುಮ್ಮನೆ ಮಾತಿಗೆಳೆದರು.

“ಏನ್ ಊಟ ಮಾಡಿದೆ ಪುಟ್ಟಿ?”

“ಮೊಲ,” ಅಂದಳು.

ನಕ್ಕೆ. ಡಾಕ್ಟರೂ ನಕ್ಕರು, ಆಮೇಲೆ ನನ್ನನ್ನೇ ನೋಡಿದರು. “ಮೊಬೈಲ್ ನೋಡ್ತಾ ತಿಂತಾಳಾ?”

“ಊಂ ಸಾ.”

“ಏನು ತಿಂದೆ ಅಂತಾನೇ ಗೊತ್ತಿಲ್ಲ. ಹೊಟ್ಟೆ ತುಂಬಿದ್ದು ಹೇಗೆ ಗೊತ್ತಾಗ್ಬೇಕು?”

ಬಸ್ಸಿನಲ್ಲಿ ಬರುವಾಗ ನನಗೆ ಕೂತ ಕಡೆ ಕೂರಲಾಗಲಿಲ್ಲ. ಅವಳನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಬದಲಿಸುತ್ತಲೇ ಇದ್ದೆ.

ಜ್ವರ ಬಿಟ್ಟ ಮೇಲೆ ಮೊಬೈಲ್ ಕೊಡಲಿಲ್ಲ. ಒತ್ತಾಯಕ್ಕೆ ಇಟ್ಟ ತುತ್ತನ್ನು ದವಡೆಯಲ್ಲೇ ಅರ್ಧ ಗಂಟೆ ಇಟ್ಟುಕೊಂಡು, ನುಂಗದೆ, ಉಗಿದುಬಿಟ್ಟಳು. ಆಮೇಲೆ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. ನಮ್ಮ ಜೊತೆಗೇ ಇದ್ದ ನನ್ನ ಅವ್ವನಿಗೆ ತಡೆಯಲಾಗಲಿಲ್ಲ.

“ತುಟಿ ಒಣಗೋಗದೆ ಕಣ್ಲಾ! ಕೊಟ್ಬುಡು ಆ ಮೊಬೈಲ. ನಿನ್ನ ಇಂಗೇ ಉಪಾಸ ಕೆಡವಿದ್ನಾ ನಾನು?”

“ಎಲ್ಡ್ ದಿನ ನೋಡವ್ವಾ.”

ಪಾಳಿಯಲ್ಲಿದ್ದಾಗ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅವ್ವನದು ಒಂದೇ ಉತ್ತರ: “ಬರೀ ಆಲು ಕುಡಿದವ್ಳೆ.”

ಮರುದಿನವೂ ಹಾಲೇ. ಮೂರನೆಯ ದಿನ ಅವಳನ್ನು ಕರೆಯದೆ ನನ್ನ ತಟ್ಟೆಗೆ ಮುದ್ದೆ, ಸೊಪ್ಪಿನ ಸಾರು ಹಾಕಿಕೊಂಡು ಕೂತೆ. ಎಡಗೈ ತಾನಾಗಿಯೇ ಜೇಬಿಗೆ ಹೋಯಿತು. ಮೊಬೈಲ್ ನೋಡದೆ ನಾನು ಉಂಡು ಎಷ್ಟು ಕಾಲವಾಗಿತ್ತೋ! ನಾಚಿಕೆಯಾಗಿ ಎದ್ದು ಅದನ್ನು ಅಟ್ಟದ ಮೇಲೆ ಇಟ್ಟು ಬಂದೆ. ಮತ್ತೆ ಕೂತರೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅವಳು ಬಂದು ನನ್ನ ಸಾರಿಗೆ ಬೆರಳು ಅದ್ದಿ ನೆಕ್ಕಿದಳು.

“ಖಾರ.”

ಆಮೇಲೆ ಮುದ್ದೆ ಚಿವುಟಿದಳು, ಅಂಗೈಗೆಲ್ಲ ಅಂಟಿಸಿಕೊಂಡಳು, ನುಂಗಿದಳು. ನಾಲ್ಕು ತುತ್ತಾದ ಮೇಲೆ “ಸಾಕು” ಅಂದಳು. ಊಟಕ್ಕೆ ಕೂತು ಅವಳು ಆ ಮಾತು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಇನ್ನೊಂದ್ ತುತ್ತು ತುರುಕ್ಲಾ,” ಅಂದಳು ಅವ್ವ. ನನ್ನ ಕೈಯೂ ಅದಕ್ಕೇ ತವಕಿಸುತ್ತಿತ್ತು. ಆ ತುತ್ತನ್ನು ನಾನೇ ತಿಂದೆ.

ಈಗ ಅವಳಿಗೆ ನಾಲ್ಕು ತುಂಬಿದೆ. ನಡುವೆ ಎರಡು ಸಲ ಹುಷಾರಿಲ್ಲದಾಗ ಸೋತು ಮೊಬೈಲ್ ಕೊಟ್ಟಿದ್ದೇವೆ. ಊಟಕ್ಕೆ ಒಂದೊಂದು ಗಂಟೆ ಹಿಡಿಯುತ್ತದೆ, ನಾನು ಪಾಳಿಗೆ ಓಡುತ್ತಲೇ ಹೋಗುತ್ತೇನೆ. ಹೊಟ್ಟೆ ತುಂಬಿತೋ ಇಲ್ಲವೋ ಎಂಬ ತಳಮಳ ದಾರಿಯುದ್ದಕ್ಕೂ ಇರುತ್ತದೆ. ನಿನ್ನೆ ಭಾನುವಾರದ ಊಟದಲ್ಲಿ ಹಾಗಲಕಾಯಿ ಕಚ್ಚಿ, ಮುಖ ಕಿವುಚಿ, “ಥೂ, ಇದು ಬ್ಯಾಡ” ಎಂದು ತಟ್ಟೆ ತಳ್ಳಿದಳು. ಹೆಂಡತಿ ಗದರಿದಳು. ನನಗೆ ಮಾತ್ರ ನಗು ತಡೆಯಲಾಗಲಿಲ್ಲ.