ಹಾಸಿಗೆಯಿಂದ ಏಳುವ ಅಜ್ಜಿ

ಅತ್ತೆಗೆ ಲಕ್ವ ಹೊಡೆದ ಮೇಲೆ ನಾನು ಶಾಲೆಯ ಕೆಲಸ ಬಿಟ್ಟೆ. ಗುಬ್ಬಿಯ ನಮ್ಮ ಮನೆಯಲ್ಲಿ ಅವರ ಬಲಗೈ, ಬಲಗಾಲು ಎರಡೂ ನಾನೇ. ಗಂಡ ಬೆಳಗ್ಗೆ ವಸಂತನರಸಾಪುರದ ಫ್ಯಾಕ್ಟರಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅಲ್ಲಿಯವರೆಗೆ ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಮೂಲೆಯಂಗಡಿಗೂ ಹೋಗುವಂತಿರಲಿಲ್ಲ.

ಆ ದಿನಗಳಲ್ಲಿ ನನಗೆ ಸಿಕ್ಕಿದ್ದು ಫೋನಿನಲ್ಲಿ ಬರುವ ಪುಟ್ಟ ಅನಿಮೇಷನ್ ಚಿತ್ರಗಳು. ಗಂಜಿ ಕುಡಿಸಿ ಮುಗಿಸುವಷ್ಟರಲ್ಲಿ ಒಂದು ಕಥೆ ಮುಗಿಯುತ್ತಿತ್ತು. ಹೆಚ್ಚಿನವುಗಳಲ್ಲಿ ಮಾತೇ ಇರದ ಕಾರಣ ಅತ್ತೆಯೂ ನೋಡುತ್ತಿದ್ದರು. ಆಮೇಲೆ ಅದನ್ನು ಬರೆದವರ ಕರಡು ಚಿತ್ರಗಳನ್ನು ಹುಡುಕಿ ನೋಡುವುದು ನನ್ನ ಹುಚ್ಚು. ಪೆನ್ಸಿಲ್ ಗೆರೆ, ಅಳಿಸಿದ ಗುರುತು, ಬಣ್ಣ ಹಚ್ಚದ ಮುಖ.

ತುಮಕೂರಿನ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮಾಡಿದ ಅನಿಮೇಷನ್ ಚಿತ್ರಗಳ ಪ್ರದರ್ಶನವಿದೆಯೆಂದು ತಿಳಿದಾಗ, ಕುಣಿಗಲ್‌ನಲ್ಲಿದ್ದ ನಾದಿನಿಯನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕರೆಸಿಕೊಂಡು ಹೊರಟೆ.

ಸಭಾಂಗಣದ ಹೊರಗೆ ಗೋಡೆಯುದ್ದಕ್ಕೂ ಹಾಳೆಗಳನ್ನು ಅಂಟಿಸಿದ್ದರು. ಒಂದು ಸಾಲಿನಲ್ಲಿ ಒಬ್ಬ ಅಜ್ಜಿ ಹಾಸಿಗೆಯಿಂದ ಏಳುತ್ತಿದ್ದಳು. ಒಂದು ಹಾಳೆಯಲ್ಲಿ ಮೊಣಕೈ ಊರುತ್ತಾಳೆ, ಮುಂದಿನದರಲ್ಲಿ ಭುಜ ಕೂದಲೆಳೆಯಷ್ಟು ಮೇಲೆ. ದಿನವೂ ಅತ್ತೆಯ ಕಂಕುಳಿಗೆ ಕೈ ಹಾಕಿ ಎತ್ತುವವಳು ನಾನು. ಆ ಭಾರ ಎಲ್ಲೆಲ್ಲಿ ಬೀಳುತ್ತದೆಂದು ನನ್ನ ಸೊಂಟಕ್ಕೆ ಗೊತ್ತು. ಬರೆದ ಹುಡುಗಿಗೂ ಗೊತ್ತಿತ್ತು.

"ಇವ್ಳನ್ನ ಏಳ್ಸೋಕೇ ಒಂದ್ ತಿಂಗಳು ಹಿಡೀತು ಆಂಟಿ," ಎಂದಳು ಪಕ್ಕದಲ್ಲೇ ನಿಂತಿದ್ದ ಅವಳು. "ಒಳಗೆ ಬನ್ನಿ, ಈಗ ಹಾಕ್ತಾರೆ."

ಒಳಗೆ ದೀಪ ಆರಿದ ಕೂಡಲೇ ಫೋನು ಅದುರಿತು. ನಾದಿನಿ.

"ಅತ್ತಿಗೆ, ಬೇಗ ಬಂದ್ಬುಡಿ. ಅಮ್ಮ ನನ್ನ ಮುಟ್ಟಕ್ಕೇ ಬುಡ್ತಿಲ್ಲ. ನೀವೇ ಬೇಕಂತೆ."

ಪರದೆಯ ಮೇಲೆ ಹೆಸರುಗಳು ಬರುತ್ತಿದ್ದಾಗಲೇ ಎದ್ದು ಬಂದೆ. ಗೋಡೆಯ ಮೇಲಿನ ಅಜ್ಜಿಯ ಹಾಳೆಗಳನ್ನು ಒಂದೊಂದಾಗಿ ಫೋಟೊ ತೆಗೆದುಕೊಂಡು ಬಸ್ ಹತ್ತಿದೆ. ಅಷ್ಟು ದೂರ ಹೋಗಿ ಒಂದೇ ಒಂದು ಚಿತ್ರವನ್ನೂ ನೋಡಿರಲಿಲ್ಲ.

ಮನೆಗೆ ಬಂದವಳೇ ಅತ್ತೆಯ ಬಟ್ಟೆ ಬದಲಿಸಿ, ದಿಂಬನ್ನು ಜೋರಾಗಿ ಕೊಡವಿ ಅದಕ್ಕೆ ಒರಗಿಸಿದೆ. "ಏನ್ ನೋಡ್ದೆ?" ಎಂದು ಅವರೇ ತೊದಲಿದರು. ಫೋನನ್ನು ಕೈಗಿಟ್ಟೆ. ಎಡಗೈ ಹೆಬ್ಬೆರಳಿನಿಂದ ಫೋಟೊ ಸರಿಸುತ್ತಾ ಹೋದಂತೆ ಅಜ್ಜಿ ಎದ್ದು ಕೂತಳು. ಹಿಂದಕ್ಕೆ ಸರಿಸಿದರೆ ಮಲಗಿದಳು. ಅತ್ತೆ ಸೊಟ್ಟ ಬಾಯಲ್ಲೇ ನಕ್ಕರು.

"ಎದ್ಲು ಕಣೇ! ಯಾರೂ ಹಿಡ್ಕಂಡೇ ಇಲ್ಲ ಅವ್ಳನ್ನ."

ನನಗೂ ನಗು ಬಂತು. ಅಷ್ಟರಲ್ಲಿ ನಾದಿನಿ ಬ್ಯಾಗು ಹೆಗಲಿಗೇರಿಸಿ ಹೊರಟು ನಿಂತಿದ್ದಳು. ಮುಂದಿನ ತಿಂಗಳೂ ಪ್ರದರ್ಶನವಿದೆ, ಬರುತ್ತೀಯಾ ಎಂದು ಕೇಳಬೇಕೆಂದುಕೊಂಡೆ. ಅವಳು ಚಪ್ಪಲಿ ಮೆಟ್ಟುವ ಆತುರ ನೋಡಿ ಕೇಳಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಬಂದೆ.